ಹೆಣ್ಣು ಗಾರ್ಗೆನಿಯೋ, ಹೆಣ್ಣು ಕಾಮನ್ ಟೀಲೋ?

ಪ್ರಶ್ನೆ: ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಈ ಎರಡು ಸಣ್ಣ ಕಂದು ಬಾತುಗಳನ್ನು ಬೇರ್ಪಡಿಸುವುದು ಹೇಗೆ? ಡಿಸೆಂಬರ್‌ನಲ್ಲಿ ಗಾರ್ಗೆನಿ ಗುಂಪಿನಲ್ಲಿ ಗಂಡೇ ಕಾಣುವುದಿಲ್ಲವಲ್ಲ, ಯಾಕೆ?

ಉತ್ತರ 1: ಮೊದಲು ಮುಖ ನೋಡಿ. ಗಾರ್ಗೆನಿಯದು ಪಟ್ಟೆಪಟ್ಟೆ ಮುಖ: ಕಣ್ಣಿನ ಮೇಲೆ ತಿಳಿ ಹುಬ್ಬು, ಕಣ್ಣು ಹಾದು ಹೋಗುವ ಕಪ್ಪು ಗೆರೆ, ಕೆನ್ನೆಯ ಮೇಲೆ ಇನ್ನೊಂದು ಮಸುಕು ಗೆರೆ, ಕೊಕ್ಕಿನ ಬುಡದಲ್ಲಿ ಬಿಳಿ ಮಚ್ಚೆ. ಟೀಲ್‌ನದು ಸಪ್ಪೆ ಮುಖ. ಆದರೆ ಅದರ ಬಾಲದ ಬುಡದ ಪಕ್ಕ ತಿಳಿ ಗೀರೊಂದಿರುತ್ತದೆ. ಟೀಲ್ ಕೊಕ್ಕು ಚಿಕ್ಕದು, ಬುಡದಲ್ಲಿ ಎಷ್ಟೋ ಸಲ ಕಿತ್ತಳೆ ಛಾಯೆ. ಗಾರ್ಗೆನಿಯದು ಉದ್ದ, ಬೂದು. ಗಾತ್ರ ಮಾತ್ರ ನಂಬಬೇಡಿ. ಟೀಲ್ 34–38 ಸೆಂ.ಮೀ., ಗಾರ್ಗೆನಿ 37–41. ದೂರದ ನೀರಿನಲ್ಲಿ ಇಷ್ಟು ವ್ಯತ್ಯಾಸ ಏನೂ ತಿಳಿಯದು.

ಉತ್ತರ 2: ಗಂಡುಗಳು ಅಲ್ಲೇ ಇವೆ ಸರ್, ವೇಷ ಮರೆಸಿಕೊಂಡು! ಸಂತಾನದ ಕಾಲ ಮುಗಿದ ಮೇಲೆ ಗಂಡಿಗೂ ಹೆಣ್ಣಿನಂಥದೇ ಪುಕ್ಕ ಬರುತ್ತದೆ, ಇದೇ ಎಕ್ಲಿಪ್ಸ್. ಟೀಲ್ ಗಂಡು ಬೇಗ ಬಣ್ಣ ತುಂಬಿಕೊಳ್ಳುತ್ತದೆ, ಗಾರ್ಗೆನಿ ಫೆಬ್ರವರಿ ಹೊತ್ತಿಗೂ ಹಾಗೇ ಇರಬಹುದು. ರೆಕ್ಕೆ ಕೊಡವುವಾಗ ಕ್ಯಾಮೆರಾದ ಶಟರ್ ವೇಗ 1/1600 ಸೆಕೆಂಡಿಗೆ ಇಟ್ಟು ಸಾಲಾಗಿ ಫೋಟೊ ಹೊಡೆಯಿರಿ. ರೆಕ್ಕೆಯ ಮುಂಭಾಗ ತಿಳಿ ನೀಲಿಬೂದು ಇದ್ದರೆ ಗಂಡು, ಮಂಕು ಕಂದುಬೂದು ಇದ್ದರೆ ಹೆಣ್ಣು.

ಉತ್ತರ 3: ಒಂದು ಎಚ್ಚರಿಕೆ. ರೆಕ್ಕೆಯ ಹಸಿರು ಪಟ್ಟಿ ಕಂಡ ಕೂಡಲೇ ಟೀಲ್ ಎಂದು ಬರೆಯಬೇಡಿ, ಗಂಡು ಗಾರ್ಗೆನಿಗೂ ಅದು ಹಸಿರೇ. ಅದರ ಬಿಳಿ ಅಂಚು ನೋಡಿ: ಟೀಲ್‌ಗೆ ಮುಂದಿನ ಅಂಚು ಅಗಲ, ಗಾರ್ಗೆನಿಗೆ ಹಿಂದಿನದೂ ಎದ್ದು ಕಾಣುತ್ತದೆ. ಮುಖಕ್ಕೆ ಕೆಸರು ಮೆತ್ತಿದ್ದರೆ ಗೆರೆಗಳು ಮುಚ್ಚಿಹೋಗುತ್ತವೆ. ಆಗ ರೆಕ್ಕೆಯೇ ಗತಿ.