ತಮ್ಮನನ್ನು ವೀಲ್‌ಚೇರ್ ಸಮೇತ ಹತ್ತಿಸೋದಾ, ಕಾರಿನ ಸೀಟಿಗೆ ದಾಟಿಸೋದಾ?

ದೊಡ್ಡಕ್ಕ ಕೇಳಿದ್ದು:

ತಮ್ಮನಿಗೆ ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ವಾಧೀನ ಇಲ್ಲ. ಕೈಗಳು ಗಟ್ಟಿಯಾಗಿವೆ, ಆದರೆ ಸೊಂಟದಲ್ಲಿ ಹಿಡಿತ ಇಲ್ಲದ್ದರಿಂದ ಕಾರು ತಿರುವಿನಲ್ಲಿ ಹೋದಾಗ ಒಂದು ಪಕ್ಕಕ್ಕೆ ವಾಲಿಬಿಡುತ್ತಾನೆ. ಈಗ ಎಲ್ಲಿಗೆ ಹೋಗಬೇಕಾದರೂ ನಾನೂ ನನ್ನ ಗಂಡನೂ ಸೇರಿ ಎತ್ತಿ ಹಿಂದಿನ ಸೀಟಿಗೆ ಕೂರಿಸುತ್ತೇವೆ, ಕುರ್ಚಿ ಮಡಚಿ ಡಿಕ್ಕಿಗೆ ಹಾಕುತ್ತೇವೆ. ನಮ್ಮ ಸೊಂಟ ಹೋಗೋದು ಒಂದು ಕಡೆ, ಅವನಿಗೇ ಇದು ಇಷ್ಟವಿಲ್ಲ. "ನಾನೇನು ಮೂಟೆನಾ" ಅಂತ ರೇಗುತ್ತಾನೆ.

ಹಳೆಯ ವ್ಯಾನ್ ಒಂದು ತಗೊಂಡು, ನಡುವಿನ ಸೀಟು ತೆಗೆಸಿ, ರ‍್ಯಾಂಪ್ ಹಾಕಿಸೋಣ ಅಂತ ಯೋಚನೆ. ಗ್ಯಾರೇಜಿನವರು ಉದ್ದಕ್ಕೆ ಜಾಗ ಸಾಲಲ್ಲ, ಕುರ್ಚಿಯನ್ನು ಅಡ್ಡಡ್ಡ ನಿಲ್ಲಿಸಿ ಚಕ್ರಗಳಿಗೆ ಬೆಲ್ಟ್ ಬಿಗಿದರೆ ಸಾಕು ಅಂತಾರೆ. ಇದು ಸರಿನಾ? ಇಲ್ಲ, ಹೊರಗೆ ತಿರುಗುವ ಸೀಟು ಬರುತ್ತದಲ್ಲ, ಅದೇ ವಾಸಿನಾ? ಮಾಡಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಮೂಲೆಮನೆ:

ಅಡ್ಡಡ್ಡ ನಿಲ್ಲಿಸೋದು ಬೇಡವೇ ಬೇಡ. ಗ್ಯಾರೇಜಿನವರು ಎಷ್ಟೇ ಹೇಳಲಿ. ಮುಂದಿನಿಂದ ಡಿಕ್ಕಿಯಾದಾಗ ಅಡ್ಡ ಕೂತವರ ಕುತ್ತಿಗೆ, ಪಕ್ಕೆ ಎಲ್ಲಾ ಪಕ್ಕಕ್ಕೆ ಎಳೆಯುತ್ತವೆ, ಬೆಲ್ಟ್ ಇದ್ದರೂ ಅದು ಹಿಡಿಯಬೇಕಾದ ಕಡೆ ಹಿಡಿಯುವುದಿಲ್ಲ. ಕುರ್ಚಿಯಲ್ಲೇ ಕೂತು ಹೋಗುವುದಾದರೆ ಮುಖ ಮುಂದಕ್ಕೇ ಇರಬೇಕು.

ಚಕ್ರಕ್ಕೆ ಬೆಲ್ಟ್ ಬಿಗಿಯೋದೂ ತಪ್ಪು. ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ಪಟ್ಟಿಗಳನ್ನು ಕುರ್ಚಿಯ ಮುಖ್ಯ ಚೌಕಟ್ಟಿಗೆ ಹಾಕಬೇಕು. ಬಿಚ್ಚಿ ತೆಗೆಯಬಹುದಾದ ಯಾವುದಕ್ಕೂ, ಅಂದರೆ ಚಕ್ರ, ಕಾಲುಹಲಗೆ, ಕೈಹಿಡಿ ಇವಕ್ಕೆ ಹಾಕಬಾರದು. ಪಟ್ಟಿಯ ಇನ್ನೊಂದು ತುದಿ ನೆಲದಲ್ಲಿ ಕೂರಿಸಿದ ಲೋಹದ ಹಳಿಗೆ ಹೋಗುತ್ತದೆ. ಬರೀ ತಗಡಿನ ನೆಲಕ್ಕೆ ಬೋಲ್ಟ್ ಹೊಡೆದರೆ ಡಿಕ್ಕಿಯಲ್ಲಿ ಕಿತ್ತು ಬರುತ್ತದೆ. ಈ ಪಟ್ಟಿಗಳಿಗೆ ಐಎಸ್ಒ 10542 ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ, ವಾಹನದಲ್ಲಿ ಕೂತು ಹೋಗುವ ಕುರ್ಚಿಗೆ ಐಎಸ್ಒ 7176-19. ಪರೀಕ್ಷೆ ಮಾಡೋದು ಗಂಟೆಗೆ 48 ಕಿ.ಮೀ. ವೇಗದ ಮುಂಭಾಗದ ಡಿಕ್ಕಿಯಲ್ಲಿ, ಸುಮಾರು 20 ಜಿ, ಅಂದರೆ ಭೂಮಿಯ ಸೆಳೆತದ 20 ಪಟ್ಟು ಬಲದಲ್ಲಿ. ಹಾಗಂದ್ರೆ 20 ಕಿಲೋ ಕುರ್ಚಿ ಆ ಕ್ಷಣಕ್ಕೆ 400 ಕಿಲೋ ಭಾರದಷ್ಟು ಎಳೆಯುತ್ತದೆ. ಲಗೇಜು ಕಟ್ಟುವ ಹಗ್ಗ ಎಲ್ಲಿ ತಡೆಯುತ್ತೆ ಹೇಳಿ?

ಇನ್ನೊಂದು, ಕುರ್ಚಿ ಕಟ್ಟಿದರೆ ಮನುಷ್ಯನನ್ನು ಕಟ್ಟಿದ ಹಾಗೆ ಅಲ್ಲ. ಅವನಿಗೆ ಬೇರೆಯೇ ಬೆಲ್ಟ್ ಬೇಕು: ತೊಡೆಸಂದಿನ ಹತ್ತಿರ, ಮೂಳೆಯ ಮೇಲೆ ಕೂರುವ ಒಂದು ಪಟ್ಟಿ, ಭುಜದ ಮೇಲೆ ಒಂದು. ಹೊಟ್ಟೆಯ ಮೇಲಾಗಲಿ, ಕುರ್ಚಿಯ ಕೈಹಿಡಿಯ ಮೇಲಿಂದಾಗಲಿ ಅದು ಹೋಗಬಾರದು. ಕುರ್ಚಿಯಲ್ಲೇ ಇರುವ ಸೊಂಟಪಟ್ಟಿ ನೆಟ್ಟಗೆ ಕೂರಿಸೋಕೆ ಮಾತ್ರ, ಡಿಕ್ಕಿಗೆ ಅಲ್ಲ. ತುಂಬಾ ಜನ ಅದನ್ನೇ ಸೀಟ್‌ಬೆಲ್ಟ್ ಅಂದುಕೊಂಡು ಹೊರಟುಬಿಡುತ್ತಾರೆ.

ಎರಡುಚಕ್ರದವನು:

ಮೇಲೆ ಹೇಳಿದ್ದೆಲ್ಲ ಸರಿ, ಆದರೆ ನನ್ನ ಪ್ರಶ್ನೆ ಬೇರೆ. ಕೈ ಗಟ್ಟಿ ಇರೋನಿಗೆ ವ್ಯಾನ್ ಯಾಕೆ?

ನನ್ನದೂ ಹೆಚ್ಚುಕಡಿಮೆ ಅವನ ಥರದ್ದೇ ಪೆಟ್ಟು. ನಾನು ಸಾದಾ ಕಾರು ಓಡಿಸುತ್ತೇನೆ. ಕಾರಿನ ಸೀಟು, ಅದರ ಬೆಲ್ಟ್, ಏರ್‌ಬ್ಯಾಗ್ ಎಲ್ಲಾ ಒಂದಕ್ಕೊಂದು ಹೊಂದಿಕೊಂಡು ತಯಾರಾಗಿರುತ್ತವೆ. ದಾಟಿ ಕೂರಲು ಆಗುವವರಿಗೆ ಅದಕ್ಕಿಂತ ಸುರಕ್ಷಿತ ಜಾಗ ಇಲ್ಲ. ಕುರ್ಚಿಯಲ್ಲೇ ಪ್ರಯಾಣ ಅನ್ನೋದು ದಾಟೋಕೆ ಆಗದವರಿಗೆ, ಇಲ್ಲಾ ನೂರು ಕಿಲೋ ದಾಟುವ ಮೋಟಾರು ಕುರ್ಚಿ ಇರೋರಿಗೆ.

ಜಾರುಹಲಗೆ ಒಂದು ಕೊಡಿಸಿ. ನಯವಾದ, ಸ್ವಲ್ಪ ಬಾಗಿದ ಹಲಗೆ, ಅಷ್ಟೇ. ಕಾರಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಕುರ್ಚಿಯನ್ನು ಓರೆಯಾಗಿ ಆದಷ್ಟು ಹತ್ತಿರ ತಂದು ಬ್ರೇಕ್ ಹಾಕಬೇಕು. ಕಾರಿನ ಕಡೆಯ ಕೈಹಿಡಿ ತೆಗೆದು, ಹಲಗೆಯ ಒಂದು ತುದಿ ತೊಡೆಯ ಕೆಳಗೆ ಚೆನ್ನಾಗಿ ಒಳಗೆ, ಇನ್ನೊಂದು ಸೀಟಿನ ಮೇಲೆ. ಒಂದು ಕೈ ಸೀಟಿನ ಮೇಲೆ ಊರಿ, ತಲೆಯನ್ನು ಕಾರಿನಿಂದ ಆಚೆ ಬಾಗಿಸಿದರೆ ಸೊಂಟ ತಾನಾಗೇ ಕಾರಿನ ಕಡೆ ಹೋಗುತ್ತದೆ. ಮೊದಮೊದಲು ಇದು ತಲೆಗೇ ಹೋಗಲ್ಲ, ಎಲ್ಲರೂ ಕಾರಿನ ಒಳಕ್ಕೇ ತಲೆ ಹಾಕುತ್ತಾರೆ, ಸೊಂಟ ಕದಲೋದೇ ಇಲ್ಲ. ಪ್ಯಾಂಟು ಹಾಕಿರಬೇಕು, ಬರಿ ಚರ್ಮ ಹಲಗೆಗೆ ಅಂಟಿ ಸುಲಿಯುತ್ತದೆ. ಮೊದಲು ಫಿಸಿಯೋ ಹತ್ತಿರ ನಿಂತು ಕಲಿಸಲಿ.

ಅದು ಕೈಗೆ ಬಂದ ಮೇಲೆ ಅವನೇ ಓಡಿಸುವ ವಿಚಾರ ಮಾಡಿ. ಆಟೋಮ್ಯಾಟಿಕ್ ಗೇರಿನ ಕಾರಿಗೆ ಕೈಯಲ್ಲಿ ನಡೆಸುವ ಒಂದು ಲಿವರ್ ಜೋಡಿಸುತ್ತಾರೆ: ಮುಂದಕ್ಕೆ ತಳ್ಳಿದರೆ ಬ್ರೇಕ್, ಎಳೆದರೆ ಅಥವಾ ಕೆಳಕ್ಕೆ ಒತ್ತಿದರೆ ಆಕ್ಸಿಲರೇಟರ್. ಒಂದು ಕೈ ಅದರ ಮೇಲೆ, ಇನ್ನೊಂದು ಕೈ ಸ್ಟೀರಿಂಗ್ ತಿರುಗಿಸಲು ಅದಕ್ಕೆ ಕೂರಿಸಿದ ಹಿಡಿಗುಂಡಿನ ಮೇಲೆ. ಪೆಡಲುಗಳು ಅಲ್ಲೇ ಇರುತ್ತವೆ, ಮನೆಯವರೂ ಅದೇ ಕಾರು ಓಡಿಸಬಹುದು. ಪೆಡಲಿಗೆ ಅಡ್ಡ ಒಂದು ತಡೆಹಲಗೆ ಮಾತ್ರ ಹಾಕಿಸಿ, ಕಾಲು ಸೆಳೆತ ಬಂದು ಆಕ್ಸಿಲರೇಟರ್ ಮೇಲೆ ಬಿದ್ದರೆ ಗತಿ ಏನು? ತಿರುವಿನಲ್ಲಿ ವಾಲದಿರಲು ಎದೆಗೊಂದು ಪಟ್ಟಿ ಸಿಗುತ್ತದೆ, ಸೀಟ್‌ಬೆಲ್ಟಿನ ಜೊತೆಗೆ ಅದು, ಬದಲಿಗೆ ಅಲ್ಲ. ಲೈಸೆನ್ಸು, ನೋಂದಣಿ, ವಿಮೆ ಮೂರರಲ್ಲೂ ಈ ಬದಲಾವಣೆ ಬರೆಸಿ.

ದೊಡ್ಡಕ್ಕ:

ಅವನಿಗೆ ಓದಿ ಹೇಳಿದೆ. ಓಡಿಸಬಹುದು ಅನ್ನೋ ಕಡೆ ಕಿವಿ ನೆಟ್ಟಗಾಯಿತು! ಹಾಗಾದರೆ ತಿರುಗುವ ಸೀಟು ಬೇಡವಾ? ಮತ್ತೆ ಕುರ್ಚಿಯನ್ನು ಅವನೊಬ್ಬನೇ ಒಳಗೆ ಹಾಕಿಕೊಳ್ಳೋದು ಹೇಗೆ?

ಎರಡುಚಕ್ರದವನು:

ಮಡಚುವ ಕುರ್ಚಿ ಒಬ್ಬರೇ ಎತ್ತೋಕೆ ಕಷ್ಟ. ಮಡಚದ ಗಟ್ಟಿ ಚೌಕಟ್ಟಿನ ಹಗುರ ಕುರ್ಚಿ ಬರುತ್ತದೆ. ಚಕ್ರದ ನಡುವಿನ ಗುಂಡಿ ಒತ್ತಿದರೆ ಚಕ್ರ ಕೈಗೆ ಬರುತ್ತದೆ. ಸೀಟನ್ನು ಒರಗಿಸಿ, ಮೊದಲು ಚಕ್ರಗಳನ್ನು ಹಿಂದಕ್ಕೆ ಹಾಕಿ, ಚೌಕಟ್ಟನ್ನು ಎದೆಯ ಮೇಲಿಂದ ಪಕ್ಕದ ಸೀಟಿಗೆ ದಾಟಿಸಬೇಕು. ಅಂಗಿಗೆ ಮಣ್ಣಾಗುತ್ತೆ, ಹಳೆ ಟವೆಲ್ ಇಟ್ಟುಕೊಳ್ಳಲಿ. ಚೌಕಟ್ಟಿಗೂ ಬೆಲ್ಟ್ ಹಾಕಬೇಕು, ಸುಮ್ನೆ ಬಿಟ್ಟರೆ ಬ್ರೇಕ್ ಹೊಡೆದಾಗ ಹಾರಿ ಬರುತ್ತದೆ.

ನಿಧಾನಸ್ಥೆ (ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸಕಿ):

ತಿರುಗುವ ಸೀಟು ವಯಸ್ಸಾದವರಿಗೆ, ಮಂಡಿ ನೋವಿನವರಿಗೆ, ನಿಂತು ತಿರುಗಲು ಆಗುವವರಿಗೆ ಚೆನ್ನ. ಇವರಿಗೆ ಅಷ್ಟು ಉಪಯೋಗವಿಲ್ಲ. ಅದು ಸೀಟನ್ನು ಎತ್ತರ ಮಾಡುತ್ತದೆ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಜೋಡಣೆಗೂ ಕೈ ಹಾಕಬೇಕಾಗುತ್ತದೆ.

ಯಾರೂ ಹೇಳದ ಒಂದು ವಿಷಯ ಸೆಕೆ. ಎದೆಯ ಮೇಲ್ಭಾಗದ ಮಟ್ಟದಲ್ಲಿ ಅಥವಾ ಇನ್ನೂ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಅದರ ಕೆಳಗೆ ಮೈ ಸರಿಯಾಗಿ ಬೆವರುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿಸುವ ಮುಂಚೆ ಎಸಿ ಓಡಿಸಿ, ಸೀಟನ್ನೂ ಬೆಲ್ಟಿನ ಲೋಹದ ಕೊಂಡಿಯನ್ನೂ ನೀವು ಮುಟ್ಟಿ ನೋಡಿ. ಅವರಿಗೆ ಸುಟ್ಟರೂ ಗೊತ್ತಾಗಲ್ಲ. ಬಿಸಿಯಾಗುವ ಸೀಟು ಇದ್ದರೆ ಆ ಸ್ವಿಚ್ಚನ್ನು ಮುಟ್ಟಲೇಬೇಡಿ. ದೂರದ ಪ್ರಯಾಣದಲ್ಲಿ ಆಗಾಗ ನಿಲ್ಲಿಸಿ ಕೈ ಊರಿ ಮೈ ಎತ್ತಲಿ, ಇಲ್ಲಾ ಮುಂದಕ್ಕೆ ಬಾಗಲಿ. ಕೂತಲ್ಲೇ ಕೂತರೆ ಒತ್ತಡದ ಹುಣ್ಣು ಗ್ಯಾರಂಟಿ.

ಮುಂದೆ ಎಂದಾದರೂ ವ್ಯಾನ್ ಬೇಕೆನಿಸಿದರೆ ಮೊದಲು ಅಳತೆ. ಕುರ್ಚಿಯಲ್ಲಿ ಕೂತಾಗ ನೆಲದಿಂದ ನೆತ್ತಿಗೆ ಎಷ್ಟು, ಕಾಲಿನ ತುದಿಯಿಂದ ಹಿಂದಿನ ಹಿಡಿಗೆ ಎಷ್ಟು ಅಂತ. ವ್ಯಾನಿನ ನೆಲ 40 ಸೆಂ.ಮೀ. ಎತ್ತರ ಇದ್ದು ರ‍್ಯಾಂಪ್ 2 ಮೀಟರ್ ಇದ್ದರೂ ಇಳಿಜಾರು ಸುಮಾರು 11.5 ಡಿಗ್ರಿ ಆಗುತ್ತದೆ, ತಳ್ಳೋರಿಗೆ ಅದು ಕಮ್ಮಿ ಏನಲ್ಲ. ನೆಲ ತಗ್ಗಿಸದ ವ್ಯಾನಿನಲ್ಲಿ ಕೂತವರ ಕಣ್ಣು ಕಿಟಕಿಗಿಂತ ಮೇಲೆ ಹೋಗಿ ಬರೀ ಛಾವಣಿಯ ಅಂಚು ಕಾಣುತ್ತದೆ. ವಾಂತಿ ಬರುತ್ತೆ ಅಂತ ಹೇಳೋರು ಜಾಸ್ತಿ ಅಂಥವರೇ.

ದೊಡ್ಡಕ್ಕ:

ವ್ಯಾನ್ ಕೈಬಿಟ್ಟೆವು. ಅಳತೆ ಅಂದ ಕೂಡಲೇ ಟೇಪ್ ಹಿಡಿದೆ. ಮುಂದಿನ ಸೀಟು ಅವನ ಕುರ್ಚಿಗಿಂತ ಹತ್ತಿರ ಹತ್ತಿರ ಒಂದು ಗೇಣು ಮೇಲಕ್ಕಿದೆ. ಹಲಗೆ ಏರುಮುಖ ಆಗುತ್ತಲ್ವಾ?

ಎರಡುಚಕ್ರದವನು:

ಅಷ್ಟು ಏರು ಕಷ್ಟ. ಸೀಟಿನ ಪಕ್ಕದಲ್ಲಿ ಎತ್ತರ ಇಳಿಸುವ ಲಿವರ್ ಇದೆಯಾ ನೋಡಿ, ಇದ್ದರೆ ಪೂರ್ತಿ ಇಳಿಸಿ ಮತ್ತೆ ಅಳೆಯಿರಿ. ಕುರ್ಚಿ ಅಳೆಯುವಾಗ ದಿಂಬು ಹಾಕಿ, ಅವನು ಮೇಲೆ ಕೂತಿರುವಾಗಲೇ ಅಳೆಯಿರಿ. ಆಗಲೂ ಅಷ್ಟೇ ಬಂದರೆ ಕಾರು ಬದಲಿಸೋದೇ ಸುಲಭ, ಮತ್ತು ನೋಡೋಕೆ ಹೋದಾಗ ಅವನನ್ನೂ ಕುರ್ಚಿಯನ್ನೂ ಹಲಗೆಯನ್ನೂ ಕರಕೊಂಡೇ ಹೋಗಿ.