1968ರ ಫಿಯಟ್ ಅನ್ನು ಟ್ರ್ಯಾಕ್‌ಗೆ ಇಳಿಸಬಹುದಾ? ಓಡಿಸಿದವರು ಹೇಳಿ

ಪ್ರಶ್ನೆ: ಸರಸ್ವತಿಪುರಂ, ಮೈಸೂರು

ಮನೆಯಲ್ಲಿ ಅಪ್ಪನ 1968ರ ಫಿಯಟ್ 1100 ಡಿಲೈಟ್ ಇದೆ. ಹಳೇ ಮೈಸೂರು ರಾಜ್ಯದ ಎಂವೈ ನಂಬರ್, ಸ್ಟೀರಿಂಗ್ ಪಕ್ಕದಲ್ಲೇ ಇರುವ ಹ್ಯಾಂಡ್ ಗೇರ್, ಮುಂದೆ ಉದ್ದ ಸೀಟು. ಇಂಜಿನ್ ಕೆಲಸ ಈಚೆಗೆ ಆಗಿದೆ. ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಬರುತ್ತೇನೆ, ದಾರಿಯಲ್ಲಿ ಕೈ ಕೊಟ್ಟಿಲ್ಲ. ಆಫೀಸಿನ ಗೆಳೆಯರು ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಟ್ರ್ಯಾಕ್ ಡೇ ಅಂತ ಹೊರಟಿದ್ದಾರೆ. ಎಲ್ಲರದೂ ಹೊಸ ಗಾಡಿ. ನಾನು ಫಿಯಟ್ ತರುತ್ತೇನೆ ಅಂದಿದ್ದಕ್ಕೆ ಜೋರಾಗಿ ನಕ್ಕರು. ಹಳೇ ಗಾಡಿಯನ್ನು ಟ್ರ್ಯಾಕ್‌ನಲ್ಲಿ ಓಡಿಸಿದವರು ಯಾರಾದರೂ ಇದ್ದೀರಾ? ಗಾಡಿ ಹಾಳಾಗುತ್ತಾ? ಏನೇನು ಮಾಡಿಸಬೇಕು? 120 ಮುಟ್ಟೋದೇ ಕಷ್ಟ ಇರುವ ಗಾಡಿಯಲ್ಲಿ ಅಲ್ಲಿ ಮಜಾ ಸಿಗುತ್ತಾ, ಇಲ್ಲ ಎಲ್ಲರಿಗೂ ದಾರಿ ಬಿಟ್ಟುಕೊಂಡು ಸುಮ್ನೆ ಸುತ್ತಬೇಕಾ?

ಕುವೆಂಪುನಗರದಿಂದ (ಪದ್ಮಿನಿ ಇಟ್ಟುಕೊಂಡಿದ್ದೇನೆ)

ಇಳಿಸಿ ಮೇಡಂ. ನಗುವವರು ನಗಲಿ. ಮಧ್ಯಾಹ್ನದ ಹೊತ್ತಿಗೆ ಅವರೇ ಬಂದು "ಒಂದು ಸುತ್ತು ಕೂರಿಸ್ತೀರಾ" ಅಂತ ಕೇಳುತ್ತಾರೆ.

ಮೊದಲು ಒಂದು ವಿಷಯ. ಟ್ರ್ಯಾಕ್ ಡೇ ರೇಸ್ ಅಲ್ಲ. ಗೆಲ್ಲೋದು, ಸೋಲೋದು, ಬಹುಮಾನ ಏನೂ ಇಲ್ಲ. 15-20 ನಿಮಿಷದ ಒಂದೊಂದು ಸೆಷನ್. ನಿಮ್ಮ ಪಾಡಿಗೆ ನೀವು ಓಡಿಸಿ ಬರೋದು. ಹಾಗಾಗಿ ನಿಧಾನದ ಗಾಡಿ ಅಂತ ಯಾರೂ ಹೊರಗೆ ಕಳಿಸೋದಿಲ್ಲ.

ಮಜಾ ಸಿಗುತ್ತಾ ಅಂತ ಕೇಳಿದಿರಿ. ನನಗೆ ಕೇಳಿದರೆ ಹೊಸ ಗಾಡಿಗಿಂತ ಜಾಸ್ತಿ ಸಿಗುತ್ತೆ. ನಿಮ್ಮದು 1089 ಸಿಸಿ ಇಂಜಿನ್, 40 ಕುದುರೆಯ ಆಸುಪಾಸು. ಕರಿ ಟ್ರ್ಯಾಕ್ ಸುಮಾರು 2.1 ಕಿ.ಮೀ. ದೊಡ್ಡ ಇಂಜಿನ್‌ನವರು ನೇರ ದಾರಿಯಲ್ಲಿ ಎರಡು ಸೆಕೆಂಡ್ ಒತ್ತಿದರೆ ತಿರುವು ಬಂದುಬಿಡುತ್ತೆ. ಮತ್ತೆ ಬ್ರೇಕ್, ಮತ್ತೆ ಒತ್ತು. ಶಕ್ತಿಯಲ್ಲಿ ಅರ್ಧ ಹಾಗೇ ಉಳಿದಿರುತ್ತೆ. ಫಿಯಟ್‌ನಲ್ಲಿ ಇರುವ 40 ಕುದುರೆಯನ್ನೂ ಪೂರ್ತಿ ದುಡಿಸುತ್ತೀರಿ. ಎಕ್ಸಲರೇಟರ್ ನೆಲಕ್ಕೆ ಅಂಟಿಕೊಂಡೇ ಇರುತ್ತೆ. ಮನೆ ಮುಂದಿನ ರಸ್ತೆಯಲ್ಲಿ ಇದು ಸಾಧ್ಯವೇ ಇಲ್ಲ, ಅಲ್ವಾ?

ಇನ್ನೊಂದು ಗಮ್ಮತ್ತು ವೇಗ ಉಳಿಸಿಕೊಳ್ಳೋದರಲ್ಲಿದೆ. ಹೊಸ ಗಾಡಿಯಲ್ಲಿ ತಿರುವಿನಲ್ಲಿ ತಪ್ಪಿದರೂ ಮುಂದೆ ಒತ್ತಿ ಸರಿ ಮಾಡಿಕೊಳ್ಳಬಹುದು. ನಮ್ಮ ಗಾಡಿಯಲ್ಲಿ 10 ಕಿ.ಮೀ. ವೇಗ ಕಳೆದುಕೊಂಡರೆ ಏರಿನಲ್ಲಿ ತುಂಬಿದ ಕಬ್ಬಿನ ಗಾಡಿ ನಿಲ್ಲಿಸಿದ ಹಾಗೆ, ಮತ್ತೆ ಎಬ್ಬಿಸೋದಕ್ಕೆ ಪ್ರಾಣ ಹೋಗುತ್ತೆ. ಅದಕ್ಕೇ ಪ್ರತಿ ತಿರುವನ್ನೂ ಲೆಕ್ಕ ಹಾಕುತ್ತೀರಿ. ಎಲ್ಲಿ ಬ್ರೇಕ್ ಬಿಡಬೇಕು, ಎಷ್ಟು ಹೊರಗಿನಿಂದ ಬರಬೇಕು, ಒಳಗಿನ ಅಂಚನ್ನು ಎಲ್ಲಿ ಮುಟ್ಟಬೇಕು, ಆಚೆ ಎಷ್ಟು ಅಗಲಕ್ಕೆ ಹೋಗಬಹುದು. ಎಲ್ಲ ಸರಿ ಬಂದ ಸುತ್ತಿನಲ್ಲಿ ಸ್ಪೀಡೋ 80 ತೋರಿಸುತ್ತಿರುತ್ತೆ, ಮೈಯೆಲ್ಲ 140 ಅನ್ನುತ್ತಿರುತ್ತೆ. ಗಾಡಿ ವಾಲುತ್ತೆ, ಟೈರ್ ಕಿರುಚುತ್ತೆ, ನೀವು ಉದ್ದ ಸೀಟಿನ ಮೇಲೆ ಜಾರಿಕೊಂಡು ಬಾಗಿಲಿಗೆ ಹೋಗುತ್ತೀರಿ. ಸ್ಟೀರಿಂಗ್ ಹಿಡಿದಿರೋದು ಗಾಡಿ ತಿರುಗಿಸೋದಕ್ಕಾ, ಬೀಳದೆ ಇರೋದಕ್ಕಾ ಅಂತ ಅನುಮಾನ ಬರುತ್ತೆ! ಹ್ಯಾಂಡ್ ಗೇರ್‌ನಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಕ್ಲಚ್ ಎರಡು ಸಲ ಒತ್ತಿ, ನಡುವೆ ಒಂಚೂರು ಎಕ್ಸಲರೇಟರ್ ಕೊಟ್ಟರೆ ಮೆತ್ತಗೆ ಕೂರುತ್ತೆ. ಆ ಶಬ್ದ ಕೇಳೋದಕ್ಕೇ ನಾನು ಹೋಗೋದು.

ಈಗ ಖರ್ಚಿನ ಮಾತು. ದುಡ್ಡು ಇದ್ದರೆ ಎಲ್ಲವನ್ನೂ ಬ್ರೇಕಿಗೆ ಹಾಕಿ. ಇಂಜಿನ್ ಮುಟ್ಟಬೇಡಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ ಇದು. ಡ್ರಮ್ ಬಿಸಿಯಾದರೆ ಹಿಗ್ಗಿ, ಒಳಗಿನಿಂದ ಅದನ್ನು ಒತ್ತುವ ಬ್ರೇಕ್ ಶೂನಿಂದ ದೂರ ಸರಿಯುತ್ತೆ. ಪೆಡಲ್ ಇನ್ನೂ ಕೆಳಕ್ಕೆ ಹೋಗುತ್ತೆ. ಶೂ ಮೇಲಿನ ಲೈನಿಂಗ್ ಕಾದರೆ ಹಿಡಿತವೂ ಬಿಡುತ್ತೆ. ಡಿಸ್ಕ್ ಹಾಗಲ್ಲ, ಅದು ಪ್ಯಾಡ್ ಕಡೆಗೇ ಹಿಗ್ಗುತ್ತೆ, ಗಾಳಿಯೂ ಆಡುತ್ತೆ. ರಸ್ತೆಯಲ್ಲಿ ಚೆನ್ನಾಗಿ ನಿಲ್ಲುವ ಫಿಯಟ್ ಟ್ರ್ಯಾಕ್‌ನಲ್ಲಿ ನಾಲ್ಕನೇ ಸುತ್ತಿಗೆ ನಿಲ್ಲಲ್ಲ ಅನ್ನೋದು ಇದೇ ಕಾರಣಕ್ಕೆ.

ಹಾಗಾಗಿ ಹೊಸ ಶೂ, ಶೂ ತಳ್ಳುವ ವೀಲ್ ಸಿಲಿಂಡರ್‌ಗಳಿಗೆಲ್ಲ ಹೊಸ ರಬ್ಬರ್, ಹೊಸ ಹೋಸ್. ಡ್ರಮ್ ಲೇತ್‌ಗೆ ಕೊಟ್ಟು ಸಮ ಮಾಡಿಸಿ. ನಿಮ್ಮ ಮಾಡೆಲ್‌ನಲ್ಲಿ ಬ್ರೇಕ್ ಲೈನ್ ಒಂದೇ ಸರ್ಕ್ಯೂಟ್. ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಬ್ರೇಕ್ ಆಯಿಲ್ ನೀರು ಹೀರುತ್ತೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಅದು 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಹೋಗುವ ವಾರದಲ್ಲಿ ಹಳೇದೆಲ್ಲ ಖಾಲಿ ಮಾಡಿಸಿ ಹೊಸದು ತುಂಬಿಸಿ, ಏರ್ ತೆಗೆಸಿ.

ಅಲ್ಲಿ ಎರಡು ಸುತ್ತು ಜೋರು, ಒಂದು ಸುತ್ತು ಆರಾಮ. ಕೊನೆಯ ಸುತ್ತಿನಲ್ಲಿ ಬ್ರೇಕ್ ಮುಟ್ಟದೆ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಕಾದ ಡ್ರಮ್ ಆರುವಾಗ ಕುಗ್ಗಿ ಶೂ ಹಿಡಿದುಕೊಳ್ಳುತ್ತೆ. ಚಕ್ರಕ್ಕೆ ಕಲ್ಲು ಕೊಡಿ, ಸಾಕು.

ಮದ್ದೂರಿನಿಂದ

ಮೇಲಿನವರ ಮಾತಿಗೆ ನನ್ನದೂ ಸೈ. ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್. ನಿಮಗಿಂತ ನಮಗೆ ತಲೆನೋವು ಜಾಸ್ತಿ ಮೇಡಂ. ಹೆರಾಲ್ಡ್‌ನ ಹಿಂದಿನ ಚಕ್ರಗಳು ಸ್ವಿಂಗ್ ಆಕ್ಸಲ್ ಮೇಲೆ ಕೂತಿವೆ, ಅಂದರೆ ಎಡ ಬಲದ ಆಕ್ಸಲ್ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತೆ. ತಿರುವಿನ ಮಧ್ಯೆ ಹೆದರಿ ಎಕ್ಸಲರೇಟರ್ ಬಿಟ್ಟರೆ ಹಿಂಭಾಗ ಮೇಲಕ್ಕೆ ಏಳುತ್ತೆ, ಚಕ್ರ ಒಳಕ್ಕೆ ಮಡಚಿಕೊಳ್ಳುತ್ತೆ, ಗಾಡಿಯ ಹಿಂಭಾಗ ಮುಂದೆ ಬರೋದಕ್ಕೆ ನೋಡುತ್ತೆ. 1972ರಲ್ಲಿ ಬಂದ ಇದೇ ಕಂಪನಿಯ ಗೆಜೆಲ್ ಕಾರಿನಲ್ಲಿ ಇದನ್ನು ತೆಗೆದು ನೇರ ಆಕ್ಸಲ್ ಹಾಕಿದರು. ನಿಮ್ಮ ಫಿಯಟ್‌ನಲ್ಲಿ ಹಿಂದೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್. ಅದು ಜಾರುವ ಮುಂಚೆ ಸಾಕಷ್ಟು ಕೂಗಿ ಹೇಳುತ್ತೆ. ಆದರೂ ನಿಯಮ ಒಂದೇ. ನೇರ ಇರುವಾಗಲೇ ಬ್ರೇಕ್ ಮುಗಿಸಿ. ತಿರುವಿನ ಒಳಗೆ ಹೋದ ಮೇಲೆ ಮನಸ್ಸು ಬದಲಾಯಿಸಬೇಡಿ.

ದಾರಿ ಬಿಡುವ ವಿಷಯ. ಇದರಲ್ಲಿ ನಾಚಿಕೆ ಏನೂ ಇಲ್ಲ. ಕನ್ನಡಿ ನೋಡುತ್ತಿರಿ. ಹೆಚ್ಚಿನ ಕಡೆ ನೇರ ದಾರಿಯಲ್ಲಿ ಮಾತ್ರ ಹಿಂದಿಕ್ಕಬಹುದು, ಅದೂ ಮುಂದಿನವರು ಕೈ ತೋರಿಸಿದ ಮೇಲೆ. ಕಿಟಕಿಯಿಂದ ಕೈ ಹೊರಗೆ ಹಾಕಿ ಯಾವ ಕಡೆ ಹೋಗಬೇಕೋ ತೋರಿಸಿ, ನೀವು ಹೋಗುತ್ತಿರುವ ಸಾಲು ಬಿಡಬೇಡಿ, ಅವರೇ ಸುತ್ತಿ ಹೋಗಲಿ. ನೀಲಿ ಬಾವುಟ ಅಂದರೆ ಹಿಂದೆ ವೇಗದ ಗಾಡಿ ಇದೆ. ಹಳದಿಗೆ ನಿಧಾನ, ಹಿಂದಿಕ್ಕೋ ಹಾಗಿಲ್ಲ. ಕೆಂಪು ಬಂದರೆ ಸೆಷನ್ ನಿಂತಿತು. ಕಪ್ಪು ಬಾವುಟದ ಮಧ್ಯೆ ಕಿತ್ತಳೆ ಚುಕ್ಕಿ ನಿಮ್ಮ ಕಡೆ ಬೀಸಿದರೆ ಗಾಡಿಯಿಂದ ಏನೋ ಸೋರುತ್ತಿದೆ ಅಥವಾ ಕಳಚುತ್ತಿದೆ ಅಂತ. ಹಳೇ ಗಾಡಿಯವರು ಇದೊಂದನ್ನು ಚೆನ್ನಾಗಿ ನೆನಪಿಡಿ.

ಅಂದ ಹಾಗೆ ಫಿಯಟ್ ಟ್ರ್ಯಾಕ್‌ಗೆ ಹೊಸದೇನೂ ಅಲ್ಲ. ಮದ್ರಾಸ್ ಹತ್ತಿರ ಶೋಲಾವರಂನಲ್ಲಿ ಯುದ್ಧಕಾಲದ ಏರ್‌ಸ್ಟ್ರಿಪ್ ಮೇಲೆ ರೇಸ್ ನಡೆಯುತ್ತಿತ್ತು. ನಮ್ಮ ಸೋದರಮಾವ ಅಲ್ಲಿಗೆ ಹೋಗುತ್ತಿದ್ದರು. ಫಿಯಟ್, ಹೆರಾಲ್ಡ್, ಅಂಬಾಸಿಡರ್ ಒಟ್ಟಿಗೇ ಓಡಿದ್ದನ್ನು ಇವತ್ತಿಗೂ ಹೇಳುತ್ತಾರೆ. ಶ್ರೀಪೆರಂಬದೂರು ಪಕ್ಕದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಆಮೇಲೆ, 1990ರಲ್ಲಿ ಬಂದಿದ್ದು. ನಕ್ಕ ಗೆಳೆಯರಿಗೆ ಹೇಳಿ!

ಬನ್ನಿಮಂಟಪದಿಂದ, ಗ್ಯಾರೇಜ್ ಕೆಲಸ

ಮೇಡಂ, ನಾನು ಓಡಿಸಿಲ್ಲ, ರೆಡಿ ಮಾಡಿಕೊಟ್ಟಿದ್ದೇನೆ.

ಈಗ ಬಂಕಿನಲ್ಲಿ ಸಿಗೋದು 20 ಭಾಗ ಎಥನಾಲ್ ಇರುವ ಪೆಟ್ರೋಲ್. ಹಳೇ ರಬ್ಬರ್ ಪೈಪ್, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಅದಕ್ಕೆ ತಡೆಯೋದಿಲ್ಲ. ಮೆತ್ತಗಾಗುತ್ತೆ, ಬಿರಿಯುತ್ತೆ. ಎಥನಾಲ್‌ಗೆ ತಡೆಯುವ ಪೈಪ್ ಹಾಕಿಸಿ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಮುಂದೆ ಹೇಳಬೇಕಾಗಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಸೀಟಿನ ಹತ್ತಿರವೇ ಇರಲಿ, ಗಟ್ಟಿಯಾಗಿ ಕಟ್ಟಿರಲಿ. ಈ ಪೆಟ್ರೋಲ್‌ನಲ್ಲಿ ಕಾರ್ಬೊರೇಟರ್ ಮಿಶ್ರಣ ತೆಳು ಆಗುತ್ತೆ, ಇಂಜಿನ್ ಜಾಸ್ತಿ ಕಾಯುತ್ತೆ. ಪ್ಲಗ್ ಬಿಚ್ಚಿ ಬಣ್ಣ ನೋಡಿ, ಬೆಳ್ಳಗಿದ್ದರೆ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಜೆಟ್ ಬದಲಾಯಿಸಿ.

ಇಂಜಿನ್ ಆಯಿಲ್ 20ಡಬ್ಲ್ಯೂ-50, ಮೇಲಿನ ಗೆರೆವರೆಗೂ ಇರಲಿ. ಜೋರು ತಿರುವಿನಲ್ಲಿ ಇಂಜಿನ್ ತಳದ ಸಂಪಿನ ಆಯಿಲ್ ಒಂದು ಕಡೆಗೆ ಹೋಗಿ ಪಂಪು ಗಾಳಿ ಹೀರುತ್ತೆ. ತಿರುವಿನಲ್ಲಿ ಆಯಿಲ್ ಲೈಟ್ ಮಿಣುಕಿತು ಅಂದರೆ ನಿಧಾನ ಮಾಡಿ. ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್‌ಗೆ ಗ್ರೀಸ್. ಚಕ್ರ ಎತ್ತಿ ಅಲುಗಾಡಿಸಿ ಬೇರಿಂಗ್ ಸಡಿಲ ಇದೆಯಾ ನೋಡಿಸಿ. ಟೈರ್ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ, ವಾರ ಮತ್ತು ವರ್ಷ. ಬಟನ್ ಇನ್ನೂ ಸವೆದಿಲ್ಲ ಅಂತ ಹತ್ತು ವರ್ಷದ ಟೈರ್ ಹಾಕಿಕೊಂಡು ಹೋಗಬೇಡಿ.

ಜೊತೆಗೆ ಫ್ಯಾನ್ ಬೆಲ್ಟ್, ಇಗ್ನಿಷನ್‌ನ ಪಾಯಿಂಟ್, ಕಂಡೆನ್ಸರ್, ರೇಡಿಯೇಟರ್ ಹೋಸ್ ಇಟ್ಟುಕೊಳ್ಳಿ. ಜಾವಾ ಕಾರ್ಖಾನೆ ಇದ್ದ ಊರು ನಮ್ಮದು. ಕಾರ್ಬೊರೇಟರ್ ಬಲ್ಲ ಹಳೇ ಕೈಗಳು ಇನ್ನೂ ಸಿಗುತ್ತವೆ. ಕೊಯಮತ್ತೂರಲ್ಲಿ ಭಾನುವಾರ ಹುಡುಕೋದು ಕಷ್ಟ.

ವಿಜಯನಗರ, ಮೈಸೂರಿನಿಂದ

ಎಲ್ಲರೂ ಹೋಗಿ ಹೋಗಿ ಅಂತಿದ್ದೀರಿ. ನಾನು ಬೇಡ ಅನ್ನುವ ಪೈಕಿ. 1968ರ ಗಾಡಿಯ ಮುಂದಿನ ಗ್ರಿಲ್ಲು, ದೀಪದ ರಿಂಗು, ಗಾಜು ಒಡೆದರೆ ಎಲ್ಲಿ ತರುತ್ತೀರಿ? ಗೇರ್ ಬಾಕ್ಸ್ ಹೋದರೆ ತಿಂಗಳುಗಟ್ಟಲೆ ಕಾಯಬೇಕು. ಅಪ್ಪನ ಗಾಡಿ ಬೇರೆ. ಹೋಗಲೇಬೇಕು ಅಂದರೆ ಮೊದಲ ಸಲ ಯಾರದಾದರೂ ಹೊಸ ಗಾಡಿಯಲ್ಲಿ ಕೂತು ಟ್ರ್ಯಾಕ್ ಕಲಿಯಿರಿ. ತಿರುವುಗಳು ಕಣ್ಣಿಗೆ ಕೂತ ಮೇಲೆ ಫಿಯಟ್ ತನ್ನಿ.

ಕುವೆಂಪುನಗರದಿಂದ

ಸರ್, ಕೊನೆಯ ಮಾತು ಒಪ್ಪುತ್ತೇನೆ. ಮೊದಲಿನದ್ದಲ್ಲ. ಶೆಡ್‌ನಲ್ಲಿ ಹೊದಿಕೆ ಹಾಕಿಟ್ಟ ಗಾಡಿಯ ವೀಲ್ ಸಿಲಿಂಡರ್ ತುಕ್ಕು ಹಿಡಿಯುತ್ತೆ, ಸೀಲ್ ಒಣಗುತ್ತೆ. ಟ್ರ್ಯಾಕ್‌ನಲ್ಲಿ ಎದುರಿಗೆ ಬರುವ ಬಸ್ಸಿಲ್ಲ, ಅಡ್ಡ ಬರುವ ದನವಿಲ್ಲ, ಎಲ್ಲರೂ ಒಂದೇ ಕಡೆಗೆ ಹೋಗುತ್ತಾರೆ. ನಮ್ಮ ರಿಂಗ್ ರೋಡಿಗಿಂತ ಅಲ್ಲೇ ನನಗೆ ಧೈರ್ಯ ಜಾಸ್ತಿ.

ಮಂಡ್ಯದಿಂದ, ವಿಮೆ ಕೆಲಸದಲ್ಲಿದ್ದವನು

ಕಾಗದದ ಮಾತು ಯಾರೂ ಎತ್ತಲಿಲ್ಲ. ನಮ್ಮ ಖಾಸಗಿ ಕಾರಿನ ಪಾಲಿಸಿಯಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಗಾಡಿಯ ತಾಳಿಕೆ ಪರೀಕ್ಷೆ) ಇವಕ್ಕೆಲ್ಲ ರಕ್ಷಣೆ ಇಲ್ಲ ಅಂತ ಬರೆದೇ ಇರುತ್ತೆ. ಇದು ರೇಸಲ್ಲ ಅಂತ ನೀವು ವಾದ ಮಾಡಬಹುದು, ಕ್ಲೇಮ್ ಬರುತ್ತೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಆಗುವ ನಷ್ಟ ನಿಮ್ಮ ಜೇಬಿನದು ಅಂದುಕೊಂಡೇ ಹೊರಡಿ. ಆಯೋಜಕರೂ ನಿಮ್ಮ ಹೊಣೆ ನಿಮ್ಮದೇ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ.

ಇನ್ನೊಂದು. ಗಾಡಿಗೆ 50 ವರ್ಷ ದಾಟಿದೆ, ವಿಂಟೇಜ್ ಅಂತ ನೋಂದಣಿ ಮಾಡಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 2021ರ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಹಳೇ ಎಂವೈ ನಂಬರೂ ಉಳಿಯುತ್ತೆ. ಆದರೆ ಆಮೇಲೆ ರಸ್ತೆಗೆ ತರೋದು ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥ ಕೆಲಸಕ್ಕೆ ಮಾತ್ರ. ನಿಮ್ಮ ಶ್ರೀರಂಗಪಟ್ಟಣದ ಭಾನುವಾರ ಹೋಯಿತು. ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ಆರ್‌ಸಿ ಮುಂದುವರಿಸೋದೇ ನಿಮಗೆ ಸರಿ.

ನಂಜನಗೂಡಿನಿಂದ

ದಾರಿ ಬಗ್ಗೆ. ಚಾಮರಾಜನಗರ, ಹಾಸನೂರು, ದಿಂಬಂ, ಸತ್ಯಮಂಗಲ ಮೇಲೆ ಹೋದರೆ ಕೊಯಮತ್ತೂರು ಸುಮಾರು 200 ಕಿ.ಮೀ. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು, ಹೋಗುವಾಗ ಎಲ್ಲ ಇಳಿಜಾರು. ಎರಡನೇ ಗೇರ್‌ನಲ್ಲೇ ಇಳಿಯಿರಿ. ಬ್ರೇಕ್ ಮೇಲೆ ಕೂತು ಇಳಿದರೆ ಟ್ರ್ಯಾಕ್ ಮುಟ್ಟುವ ಮೊದಲೇ ಹೊಸ ಲೈನಿಂಗ್ ಸುಟ್ಟಿರುತ್ತೆ. ರಾತ್ರಿ ಅಲ್ಲಿ ಬಿಡೋದಿಲ್ಲ. ಬಂಡೀಪುರ ಕಡೆಯಿಂದ ಅಂದರೆ ಅಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಬಂದ್. ಹಿಂದಿನ ದಿನವೇ ಹೊರಟು ಅಲ್ಲಿ ಮಲಗಿ. ದುಡ್ಡಿದ್ದರೆ ಬರುವಾಗ ಗಾಡಿಯನ್ನು ಕ್ಯಾರಿಯರ್ ಲಾರಿ ಮೇಲೆ ತನ್ನಿ. ದಣಿದ ಇಂಜಿನ್, ದಣಿದ ನೀವು, ಮೇಲೆ ಘಾಟಿ ಏರೋದು ಬೇಡ.

ಸರಸ್ವತಿಪುರಂನಿಂದ (ಕೇಳಿದವಳು)

ಎಲ್ಲರಿಗೂ ಥ್ಯಾಂಕ್ಸ್. ಬ್ರೇಕ್ ಕೆಲಸಕ್ಕೆ ಗಾಡಿ ಬಿಡುತ್ತಿದ್ದೇನೆ, ಇಂಜಿನ್ ಮುಟ್ಟೋದಿಲ್ಲ. ಎರಡು ಅನುಮಾನ. ಗಾಡಿಯಲ್ಲಿ ಸೀಟ್ ಬೆಲ್ಟೇ ಇಲ್ಲ, ಏನು ಮಾಡಲಿ? ಮತ್ತೆ ಅಪ್ಪ ನಾನೂ ಪಕ್ಕದಲ್ಲಿ ಕೂರುತ್ತೇನೆ ಅಂತ ಹಟ ಹಿಡಿದಿದ್ದಾರೆ. 74 ವರ್ಷ.

ಮದ್ದೂರಿನಿಂದ

ಬೆಲ್ಟ್ ಇಲ್ಲದೆ ಒಳಗೆ ಬಿಡೋದಿಲ್ಲ, ಬಿಟ್ಟರೂ ನೀವು ಹೋಗಬೇಡಿ. ಮೂರು ಕಡೆ ಹಿಡಿಯುವ ಬೆಲ್ಟ್ ಹಾಕಿಸಿ. ಬರೀ ತಗಡಿಗೆ ಬೋಲ್ಟ್ ಹಾಕಿದರೆ ಹರಿದುಕೊಂಡು ಬರುತ್ತೆ, ಹಿಂದೆ ದಪ್ಪ ಪ್ಲೇಟ್ ಕೊಟ್ಟು ಬಿಗಿಸಬೇಕು. ಬಾಡಿ ಕೆಲಸ ಬಲ್ಲವರೇ ಮಾಡಲಿ. ಉದ್ದ ಸೀಟಿಗೆ ತಲೆ ಆನಿಸುವ ಜಾಗ ಇಲ್ಲ, ಅದು ನೆನಪಿರಲಿ. ಸಾಧ್ಯವಾದರೆ ನಿಮ್ಮ ಕಡೆಗೆ ಮಾತ್ರ ಬೇರೆ ಸೀಟು ಹಾಕಿಸಿ, ಹಳೇದನ್ನು ಬಿಚ್ಚಿ ಮನೆಯಲ್ಲಿಡಿ. ಜಾರೋದೂ ನಿಲ್ಲುತ್ತೆ.

ಅಪ್ಪಾಜಿ ವಿಷಯ ಆಯೋಜಕರನ್ನೇ ಮೊದಲು ಕೇಳಿ. ಪಕ್ಕ ಕೂರೋದಕ್ಕೆ ಕೆಲವರು ಬಿಡುತ್ತಾರೆ, ಕೆಲವರು ಬಿಡೋದಿಲ್ಲ. ಬಿಟ್ಟರೆ ಅವರಿಗೂ ಬೆಲ್ಟ್, ಹೆಲ್ಮೆಟ್. ಜೋರು ಸುತ್ತುಗಳಲ್ಲಿ ಬೇಡ, ಕೊನೆಯ ಸೆಷನ್‌ನಲ್ಲಿ ನಿಧಾನಕ್ಕೆ ಕರೆದುಕೊಂಡು ಹೋಗಿ. ಅಲ್ಲೂ ಅವರು ಗೇರ್ ಹಾಕೋದು ಹೀಗಲ್ಲ ಅಂತ ಬೈಯ್ಯದೆ ಇರೋದಿಲ್ಲ, ಅದಕ್ಕೂ ತಯಾರಾಗಿ. ಇಳಿಯುವ ಮುಂಚೆ ಸ್ಟೆಪ್ನಿ, ಜಾಕಿ, ಕಾಲಡಿ ಮ್ಯಾಟು ಎಲ್ಲ ಹೊರಗೆ ತೆಗೆದಿಡಿ. ಬ್ಯಾಟರಿ ಕ್ಲಾಂಪ್ ಬಿಗಿ ಇದೆಯಾ ನೋಡಿ. ಹೆಡ್‌ಲೈಟ್ ಗಾಜಿಗೆ ಟೇಪ್ ಅಂಟಿಸಿ. ಚಕ್ರದ ನಡುವಿನ ಮುಚ್ಚಳ, ಹಬ್ ಕ್ಯಾಪ್, ಮಾತ್ರ ಮೈಸೂರಿನಲ್ಲೇ ಬಿಚ್ಚಿಟ್ಟು ಹೋಗಿ. ಒಂದು ಹಾರಿ ಪೊದೆಗೆ ಬಿದ್ದರೆ ನಾಲ್ಕರ ಸೆಟ್ ಮತ್ತೆ ಹೊಂದಿಸೋದು ಬ್ರೇಕ್ ಕೆಲಸಕ್ಕಿಂತ ದೊಡ್ಡ ಕೆಲಸ.