ಗೇನ್ ಏರಿಸಿದರೆ ಕ್ಯಾವಿಟಿ ಲೂಪ್ ಆಂದೋಲನಕ್ಕೆ ಬೀಳುವುದೇಕೆ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ, ಪುಣೆ): ಸರ್, ನಮ್ಮ ಪರೀಕ್ಷಾ ಬೆಂಚಿನಲ್ಲಿ 352.21 ಮೆಗಾಹರ್ಟ್ಸ್‌ನ ತಾಮ್ರದ ಕ್ಯಾವಿಟಿ (ರೇಡಿಯೊ ಅಲೆ ಅನುರಣಿಸುವ ಲೋಹದ ಪೆಟ್ಟಿಗೆ) ಇದೆ. ಲೋಡೆಡ್ ಕ್ಯೂ, ಅಂದರೆ ಜೋಡಣೆಗಳ ಸಮೇತ ಅನುರಣನ ಎಷ್ಟು ಚೂಪು ಎಂಬ ಅಂಕಿ, ಸುಮಾರು 20,000. ಸಾಲಿಡ್ ಸ್ಟೇಟ್ ಆಂಪ್ಲಿಫೈಯರ್, ಪಿಕಪ್ ಪ್ರೋಬ್ ಅಳೆದ ಫೀಲ್ಡ್ ನೋಡಿ ಡ್ರೈವ್ ತಿದ್ದುವ ಡಿಜಿಟಲ್ ಐ-ಕ್ಯೂ ಕಂಟ್ರೋಲರ್ (ಇಲ್ಲಿ ಐ, ಕ್ಯೂ ಎಂದರೆ ಸಿಗ್ನಲ್‌ನ 90 ಡಿಗ್ರಿ ಅಂತರದ ಎರಡು ಭಾಗ). ಪ್ರೊಪೋರ್ಷನಲ್ ಗೇನ್ (ದೋಷವನ್ನು ಎಷ್ಟು ಪಟ್ಟು ಮಾಡಿ ತಿದ್ದುವುದು) 28ರ ಹತ್ತಿರ ಹೋದರೆ ಕ್ಯಾರಿಯರ್‌ನ ಎರಡೂ ಬದಿಗೆ 250 ಕಿಲೋಹರ್ಟ್ಸ್ ದೂರದಲ್ಲಿ ಸೈಡ್‌ಬ್ಯಾಂಡ್ (ಪಕ್ಕದ ಸಿಗ್ನಲ್‌ಗಳು) ಏಳುತ್ತವೆ. ಮಧ್ಯಾಹ್ನವಾದರೆ ಇನ್ನೊಂದು ತೊಂದರೆ. ಫೀಲ್ಡ್ ಅಷ್ಟೇ ಇರುತ್ತದೆ, ಫಾರ್ವರ್ಡ್ ಪವರ್ (ಕ್ಯಾವಿಟಿಯತ್ತ ಹೋಗುವ ಪವರ್) ಮಾತ್ರ ಒಂದೂವರೆ ಪಟ್ಟು. ಯಾವ ಭಾಗ ಕೆಟ್ಟಿರಬಹುದು?

ಉತ್ತರ (ಆರ್‌ಎಫ್ ಎಂಜಿನಿಯರ್, ಮುಂಬೈ): ಯಾವುದೂ ಕೆಟ್ಟಿಲ್ಲಮ್ಮ. ಟ್ರಾಂಬೆಯ 20 ಎಂಇವಿ ಪ್ರೋಟಾನ್ ಯಂತ್ರ ಲೆಹಿಪಾದ ಆವರ್ತನವೂ ಇದೇ, ಲೆಕ್ಕವೂ ಇದೇ.

ಕ್ಯಾವಿಟಿಯ ಅರ್ಧ ಬ್ಯಾಂಡ್‌ವಿಡ್ತ್ ಎಂದರೆ ಆವರ್ತನವನ್ನು ಲೋಡೆಡ್ ಕ್ಯೂನ ಎರಡರಷ್ಟರಿಂದ ಭಾಗಿಸಿದ್ದು: 8.8 ಕಿಲೋಹರ್ಟ್ಸ್. ಅದರಾಚೆ ಕ್ಯಾವಿಟಿ ತಾನೇ 90 ಡಿಗ್ರಿ ಹಿಂದೆ ಬೀಳುತ್ತದೆ. ಲೂಪಿನ ವಿಳಂಬ ಇನ್ನೊಂದು 90 ಡಿಗ್ರಿ ಸೇರಿಸಿದಲ್ಲಿ ಆಂದೋಲನ ಶುರು. ಅದು 250 ಕಿಲೋಹರ್ಟ್ಸ್‌ನಲ್ಲಿ ಆಗಿದೆ ಅಂದರೆ ನಿಮ್ಮ ಒಟ್ಟು ವಿಳಂಬ 1 ಮೈಕ್ರೊಸೆಕೆಂಡ್. 250ನ್ನು 8.8ರಿಂದ ಭಾಗಿಸಿದರೆ ಸಿಗುವುದೂ ನಿಮ್ಮ 28ರ ಗೇನೇ. ಅರ್ಧಕ್ಕೆ, ಅಂದರೆ 14ಕ್ಕೆ ಇಳಿಸಿ; 45 ಡಿಗ್ರಿ ಫೇಸ್ ಮಾರ್ಜಿನ್ (ಆಂದೋಲನಕ್ಕೆ ಮುಂಚಿನ ಅಂತರ) ಉಳಿಯುತ್ತದೆ. ಉಳಿದ ನಿಧಾನ ದೋಷವನ್ನು ಇಂಟಿಗ್ರಲ್ ಭಾಗ (ದೋಷವನ್ನು ಕೂಡಿಸುತ್ತಾ ಹೋಗಿ ತಿದ್ದುವುದು) ನೋಡಿಕೊಳ್ಳಲಿ.

ಇನ್ನೂ ಗೇನ್ ಬೇಕೇ ಬೇಕು ಅಂದರೆ ವಿಳಂಬ ಕಡಿಮೆ ಮಾಡಬೇಕು. ಕೇಬಲ್ ಕತ್ತರಿಸಿ ಹೆಚ್ಚೇನೂ ಸಿಗದು, 30 ಮೀಟರ್ ಫೋಮ್ ಕೇಬಲ್ ತಿನ್ನುವುದು 120 ನ್ಯಾನೊಸೆಕೆಂಡ್ ಅಷ್ಟೇ. ಎಫ್‌ಪಿಜಿಎ (ಕಂಟ್ರೋಲರ್‌ನ ಪ್ರೋಗ್ರಾಂ ಮಾಡಬಲ್ಲ ಚಿಪ್) ಒಳಗಿನ ಫಿಲ್ಟರ್ ನೋಡಿ. 100 ಮೆಗಾಹರ್ಟ್ಸ್ ಕ್ಲಾಕಿನಲ್ಲಿ 64 ಟ್ಯಾಪ್‌ಗಳ ಸಿಮೆಟ್ರಿಕ್ ಫಿಲ್ಟರ್ ಒಂದೇ ಸುಮಾರು 315 ನ್ಯಾನೊಸೆಕೆಂಡ್ ನುಂಗುತ್ತದೆ.

ಸೈಡ್‌ಬ್ಯಾಂಡ್ ಎರಡೂ ಸಮ ಎತ್ತರ ಇವೆಯೇ ನೋಡಿ. ಒಂದು ಎತ್ತರ, ಒಂದು ಗಿಡ್ಡ ಆಗಿದ್ದರೆ ಲೂಪ್ ಫೇಸ್ ತಪ್ಪಿದೆ. ಆಗ ಲೂಪ್ ಬಿಚ್ಚಿ, ಕಡಿಮೆ ಪವರ್‌ನಲ್ಲಿ, ಕ್ಯಾವಿಟಿ ಟ್ಯೂನ್ ಆಗಿರುವಾಗ ಬರೀ ಐ ಕೊಡಿ. ಪಿಕಪ್‌ನಲ್ಲಿ ಸಿಗ್ನಲ್‌ನ ಕ್ಯೂ ಭಾಗ ಸೊನ್ನೆಯಾಗುವ ತನಕ ಫೇಸ್ ತಿರುಗಿಸಿ.

ಮಧ್ಯಾಹ್ನದ್ದು ಕೂಲಿಂಗ್ ನೀರಿನ ಕೆಲಸ. ತಾಮ್ರ 1 ಡಿಗ್ರಿ ಬಿಸಿಯಾದರೆ ಆವರ್ತನ ಸುಮಾರು 6 ಕಿಲೋಹರ್ಟ್ಸ್ ಇಳಿಯುತ್ತದೆ. ಅರ್ಧ ಬ್ಯಾಂಡ್‌ವಿಡ್ತ್‌ಗೆ ಹೋಲಿಸಿದರೆ ಅದು 0.68, ಅದರ ವರ್ಗಕ್ಕೆ 1 ಕೂಡಿಸಿದರೆ ಅದೇ ಫೀಲ್ಡಿಗೆ ಬೇಕಾದ ಪವರ್: 1.46 ಪಟ್ಟು. ನೀವು ಹೇಳಿದ ಒಂದೂವರೆ ಪಟ್ಟು ಬಂದದ್ದು ಅಲ್ಲಿಂದ. ಕ್ಯಾವಿಟಿ ಜಾರಿದಷ್ಟನ್ನೂ ಲೂಪ್ ಪವರ್ ಸುರಿದು ಮುಚ್ಚುತ್ತದೆ, ಹಾಗಾಗಿ ಫೀಲ್ಡ್ ಮಾತ್ರ ನೋಡುತ್ತಿದ್ದರೆ ಏನೂ ಗೊತ್ತಾಗುವುದಿಲ್ಲ. ಆಂಪ್ಲಿಫೈಯರ್ ಮಿತಿಗೆ ಬಂದಾಗ ಇಂಟಿಗ್ರೇಟರ್ ನಿಲ್ಲುವಂತೆ, ಇಂಟರ್‌ಲಾಕ್ (ಸುರಕ್ಷತಾ ಕಡಿತ) ಟ್ರಿಪ್ ಆದಾಗ ಸೊನ್ನೆಯಾಗುವಂತೆ ಬರೆದಿದ್ದೀರಾ? ಇಲ್ಲದಿದ್ದರೆ ರೀಸೆಟ್ ಒತ್ತಿದ ಕ್ಷಣ ಖಾಲಿ ಕ್ಯಾವಿಟಿಗೆ ಪೂರ್ತಿ ಪವರ್ ಹೋಗಿ, ಎಲ್ಲ ವಾಪಸ್ ಬಂದು ಸರ್ಕ್ಯುಲೇಟರ್ (ವಾಪಸ್ ಬಂದ ಪವರನ್ನು ಬೇರೆಡೆ ತಿರುಗಿಸುವ ಭಾಗ) ಮೇಲೆ ಬೀಳುತ್ತದೆ.

ಇನ್ನೊಬ್ಬರು (ಮುಂಬೈ): ಒಂದು ಮಾತು ಸೇರಿಸುತ್ತೇನೆ. ಮುಂದೆ ಕ್ಲೈಸ್ಟ್ರಾನ್ (ನಿರ್ವಾತ ಕೊಳವೆಯ ಆಂಪ್ಲಿಫೈಯರ್) ಹಾಕುವುದಾದರೆ ಸ್ಯಾಚುರೇಶನ್‌ಗಿಂತ ಕೆಳಗೇ ಓಡಿಸಿ. ತುದಿಯಲ್ಲಿ ಡ್ರೈವ್ ಏರಿಸಿದರೂ ಔಟ್‌ಪುಟ್ ಏರದು. ತುದಿ ದಾಟಿದರೆ ಇಳಿಯುತ್ತದೆ, ಆಗ ನೆಗೆಟಿವ್ ಫೀಡ್‌ಬ್ಯಾಕ್ ಪಾಸಿಟಿವ್ ಆಗಿಬಿಡುತ್ತದೆ. ಪಿಕಪ್ ಕೇಬಲ್ ಟೆಫ್ಲಾನ್‌ದ್ದೇ? ತಾಪಮಾನ 19 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವಾಗ ಅದರ ಫೇಸ್ ಥಟ್ಟನೆ ಬದಲಾಗುತ್ತದೆ. ಪುಣೆಯ ಡಿಸೆಂಬರ್ ಬೆಳಗ್ಗೆ ಲ್ಯಾಬ್ ಆ ತಾಪಮಾನ ದಾಟಿಯೇ ದಾಟುತ್ತದೆ. ಲೂಪ್ ಪಿಕಪ್ ಹೇಳಿದ್ದನ್ನು ನಂಬುತ್ತದೆ, ಹೀಗಾಗಿ ತಪ್ಪು ಫೇಸನ್ನೇ ಅಚ್ಚುಕಟ್ಟಾಗಿ ಹಿಡಿದು ಕೂರುತ್ತದೆ. ರೆಫರೆನ್ಸ್ ಕೇಬಲ್, ಪಿಕಪ್ ಕೇಬಲ್ ಎರಡೂ ಒಂದೇ ಜಾತಿ, ಒಂದೇ ಉದ್ದ, ಒಂದೇ ಟ್ರೇ ಇರಲಿ.

ಪ್ರಶ್ನೆ (ಗೋವಾ): ಕೊಲಾಬಾದ ಸೂಪರ್‌ಕಂಡಕ್ಟಿಂಗ್ ಲಿನಾಕ್‌ಗೂ (ನೇರ ಸಾಲಿನ ಕಣ ವೇಗವರ್ಧಕ) ಇದೇ ಲೆಕ್ಕವೇನ್ರೀ?

ಉತ್ತರ (ಆರ್‌ಎಫ್ ಎಂಜಿನಿಯರ್, ಮುಂಬೈ): ಅಲ್ಲಿ ಕಥೆ ಉಲ್ಟಾ. ತಾಮ್ರದ ಮೇಲೆ ಸೀಸ ಲೇಪಿಸಿದ 150 ಮೆಗಾಹರ್ಟ್ಸ್ ಕ್ವಾರ್ಟರ್ ವೇವ್ ರೆಸೊನೇಟರ್‌ಗಳು. ಲೋಡೆಡ್ ಕ್ಯೂ 1 ಕೋಟಿ ಎಂದಿಟ್ಟರೆ ಬ್ಯಾಂಡ್‌ವಿಡ್ತ್ 15 ಹರ್ಟ್ಸ್ ಮಾತ್ರ. ಪಂಪಿನ ನಡುಕ, ಹೀಲಿಯಂ ಒತ್ತಡದ ಏರಿಳಿತವೇ ಅದನ್ನು ದಾಟಿಸಬಹುದು. ಹೊರಗಿನ ಜನರೇಟರ್‌ನಿಂದ ನೇರ ಓಡಿಸಹೊರಟರೆ ಕ್ಯಾವಿಟಿ ಕೈಗೇ ಸಿಗುವುದಿಲ್ಲ. ಆದ್ದರಿಂದ ಸೆಲ್ಫ್ ಎಕ್ಸೈಟೆಡ್ ಲೂಪ್: ಕ್ಯಾವಿಟಿ ಹೋದಲ್ಲಿ ಆವರ್ತನವೂ ಹೋಗುತ್ತದೆ, ಫೀಲ್ಡ್ ನಿಂತ ಮೇಲೆ ರೆಫರೆನ್ಸ್‌ಗೆ ಲಾಕ್ ಮಾಡುತ್ತಾರೆ. ಕಪ್ಲರ್ (ಪವರ್ ಒಳಬಿಡುವ ಜೋಡಣೆ) ಬೇಕೆಂದೇ ಓವರ್‌ಕಪಲ್ ಮಾಡಿ, ಅಂದರೆ ಜೋಡಣೆ ಬಿಗಿ ಮಾಡಿ, ಬ್ಯಾಂಡ್‌ವಿಡ್ತ್ ಹಿಗ್ಗಿಸುವುದೂ ಉಂಟು. ಅದಕ್ಕೆ ಪವರ್ ಜಾಸ್ತಿ ತೆರಬೇಕು.

ಪ್ರಶ್ನೆ (ವಿದ್ಯಾರ್ಥಿನಿ, ಪುಣೆ): ಗೇನ್ 14ಕ್ಕೆ ತಂದೆ ಸರ್, ಸೈಡ್‌ಬ್ಯಾಂಡ್ ಹೋಯಿತು. ಟ್ಯೂನರ್ (ಸ್ಕ್ರೂ ತಿರುಗಿಸಿ ಕ್ಯಾವಿಟಿಯ ಆವರ್ತನ ಸರಿಮಾಡುವ ಮೋಟಾರ್) ಡೆಡ್‌ಬ್ಯಾಂಡ್, ಅಂದರೆ ಅದು ಅಲುಗದೆ ಬಿಡುವ ದೋಷದ ಪಟ್ಟಿ, ಫೇಸ್‌ನಲ್ಲಿ 1 ಡಿಗ್ರಿ ಇದೆ, ಮೋಟಾರ್ ನಿಲ್ಲುವುದೇ ಇಲ್ಲ.

ಉತ್ತರ (ಆರ್‌ಎಫ್ ಎಂಜಿನಿಯರ್, ಮುಂಬೈ): ಚಿಲ್ಲರ್ ನೀರಿನ ತಾಪಮಾನ 0.1 ಡಿಗ್ರಿ ಸೆಲ್ಸಿಯಸ್ ಅಲ್ಲಾಡಿದರೂ 600 ಹರ್ಟ್ಸ್, ಅಂದರೆ ಸುಮಾರು 4 ಡಿಗ್ರಿ ಫೇಸ್. 1 ಡಿಗ್ರಿಯ ಪಟ್ಟಿಯಲ್ಲಿ ಮೋಟಾರ್ ಚಿಲ್ಲರ್‌ನ ಹಿಂದೆ ಓಡುತ್ತಲೇ ಇರುತ್ತದೆ, ಸ್ಕ್ರೂ ಸವೆಯುತ್ತದೆ. 5 ಡಿಗ್ರಿ ಇಡಿ. 5 ಡಿಗ್ರಿಗೆ ಪವರ್ ಶೇಕಡಾ 1ರಷ್ಟೂ ಹೆಚ್ಚಾಗದು. ಫೇಸ್ ಅಳತೆ ಫಾರ್ವರ್ಡ್ ಮತ್ತು ಪಿಕಪ್ ನಡುವೆ ಇರಲಿ, ಮತ್ತು ಸ್ಕ್ರೂ ಯಾವಾಗಲೂ ಒಂದೇ ಕಡೆಯಿಂದ ಬಂದು ನಿಲ್ಲುವಂತೆ ಮಾಡಿ, ಬ್ಯಾಕ್‌ಲ್ಯಾಶ್ (ಸ್ಕ್ರೂವಿನ ಸಡಿಲ) ಕಾಡುವುದಿಲ್ಲ.